ಹಿಮಾಲಯದ ಕೆಳಗೊಂದು ಪೈಪು

ಹೋದ ವಾರ ನಮ್ಮ ಐರೋಲಿಯ ಫ್ಲ್ಯಾಟಿನಲ್ಲಿ ಬಾತ್‌ರೂಮಿನ ನೆಲ ಒಡೆಸಬೇಕಾಯಿತು. ಕೆಳಗಿನ ಮನೆಯವರ ಸೀಲಿಂಗಿನಲ್ಲಿ ತೇವ ಕಾಣಿಸಿಕೊಂಡಿತ್ತು. ತಪ್ಪು ನಮ್ಮದೋ ಅವರದೋ ಎಂದು ಸೊಸೈಟಿಯ ಮೀಟಿಂಗಿನಲ್ಲಿ ಮೂರು ತಿಂಗಳು ವಾದ ನಡೆದು ಕೊನೆಗೆ ನಾವು ಸೋತೆವು. ಬಂದ ಗೌಂಡಿ ಹೊಸ ನೆಲ ಹಾಕಿ, ಮರುದಿನ ಒಂದು ಬಕೆಟ್ ನೀರು ಸುರಿದು, "ದೇಖೋ ಭಾಭೀಜಿ" ಎಂದ. ಹಸಿ ಸಿಮೆಂಟಿನ ವಾಸನೆ ಗಮ್ಮೆಂದು ಮೂಗಿಗೆ ಬಂತು. ನೀರು ಮೂಲೆಯ ಜಾಳಿಯ ಕಡೆಗೆ ಹೋಗುವುದನ್ನು ಮೊದಲು ಬಾಗಿ ನೋಡಿದೆ, ಆಮೇಲೆ ಕುಕ್ಕರಗಾಲಿನಲ್ಲಿ ಕುಳಿತೇ ನೋಡಿದೆ. ನನ್ನ ಗಂಡ ಬಾಗಿಲಲ್ಲಿ ನಿಂತು, "ಅದರಲ್ಲಿ ಎಂತ ಉಂಟು ಅಷ್ಟು ನೋಡ್ಲಿಕ್ಕೆ?" ಎಂದರು. "ಬ್ರಹ್ಮಪುತ್ರಾ ಉಂಟು" ಎಂದೆ. ಅವರಿಗೆ ನನ್ನ ಇಂಥ ಮಾತುಗಳು ಅಭ್ಯಾಸವಾಗಿವೆ, ಚಹಾ ಮಾಡಲು ಹೋದರು.

ಬ್ರಹ್ಮಪುತ್ರಾ ನನಗೆ ಗಂಟುಬಿದ್ದ ವರ್ಷ ನನಗೆ ಇಪ್ಪತ್ತನಾಲ್ಕು. ಮುಂಬೈಯನ್ನು ಮುಳುಗಿಸಿದ ದೊಡ್ಡ ಮಳೆ ಬಂದುಹೋಗಿ ಎರಡು ವರ್ಷವಾಗಿತ್ತು. ಜುಲೈ ಬಂತೆಂದರೆ ಜನ ಇನ್ನೂ ಆಕಾಶ ನೋಡಿಕೊಂಡೇ ಮಾತಾಡುತ್ತಿದ್ದರು. ಠಾಣೆಯ ಒಂದು ಹೋಟೆಲಿನಲ್ಲಿ ಅಪ್ಪ ಗಲ್ಲಾದ ಮೇಲೆ ಕೂರುತ್ತಿದ್ದರು. ಮನೆಯೊಳಗೆ ತುಳು, ಮೆಟ್ಟಿಲು ಇಳಿದರೆ ಮರಾಠಿ, ರೈಲಿನಲ್ಲಿ ಹಿಂದಿ, ಓದಿದ್ದು ಕನ್ನಡ ಮಾಧ್ಯಮ. ಬಿ.ಎಡ್. ಮುಗಿಸಿದ ಜೂನ್‌ನಲ್ಲೇ ಕೋಪರಖೈರಣೆಯ ಒಂದು ಕನ್ನಡ ಶಾಲೆಯಲ್ಲಿ ಒಂದು ವರ್ಷದ ಮಟ್ಟಿಗೆ ಕೆಲಸ ಸಿಕ್ಕಿತು. ನಾನು ಓದಿದ್ದು ಇತಿಹಾಸ, ಖಾಲಿ ಇದ್ದದ್ದು ಭೂಗೋಳ. "ಎರಡೂ ಪುಸ್ತಕದಾಗ ಅದಾವಲ್ರಿ, ಓದಿ ಹೇಳ್ರಿ" ಎಂದರು ಧಾರವಾಡ ಕಡೆಯ ನಮ್ಮ ಹೆಡ್‌ಸರ್. ನಾನು ಹಾಗೇ ಮಾಡಿದೆ. ಹಿಂದಿನ ದಿನ ನಾನು ಓದುವುದು, ಮರುದಿನ ಮಕ್ಕಳಿಗೆ ಹೇಳುವುದು. ಮಕ್ಕಳಿಗಿಂತ ನಾನು ಸದಾ ಒಂದೇ ಒಂದು ಪಾಠ ಮುಂದೆ ಇದ್ದೆ.

ಆ ಮಳೆಗಾಲದ ಬೆಳಗುಗಳನ್ನು ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ. ಠಾಣೆಯಿಂದ ವಾಶಿಯ ಕಡೆಗೆ ಹೋಗುವ ರೈಲು ಆಗಿನ್ನೂ ಹೊಸತು, ಕೂರಲು ಜಾಗ ಸಿಗುತ್ತಿತ್ತು ಎಂದರೆ ಇಂದಿನವರು ನಂಬಲಾರರು. ಒಂದು ಕಡೆ ಪಾರ್ಸಿಕ್ ಗುಡ್ಡದಿಂದ ಬಿಳಿ ಝರಿಗಳು ಇಳಿಯುತ್ತಿದ್ದವು, ಇನ್ನೊಂದು ಕಡೆ ಸಮುದ್ರ ಒಳನುಗ್ಗಿದ ಖಾಡಿಯ ಕೆಸರಿನ ವಾಸನೆ. ನಡುವೆ ಎಲ್ಲಿ ನೋಡಿದರೂ ಬಿದಿರಿನ ಕಟ್ಟು, ಹಸಿರು ಜಾಲರಿ, ಏಳುತ್ತಿರುವ ಕಟ್ಟಡ. ಅವುಗಳನ್ನು ಕಟ್ಟುತ್ತಿದ್ದವರ ಮಕ್ಕಳೇ ನನ್ನ ಏಳನೇ ತರಗತಿಯಲ್ಲಿ ಅರ್ಧಕ್ಕರ್ಧ. ಉಳಿದವರು ಕ್ಯಾಂಟೀನು, ಅಂಗಡಿ, ಮಾರ್ಕೆಟ್ಟಿನವರ ಮಕ್ಕಳು. ಕಲಬುರಗಿಯ ಕನ್ನಡ, ಕುಂದಾಪುರದ ಕನ್ನಡ, ಸಿಟ್ಟು ಬಂದರೆ ಎಲ್ಲರದೂ ಹಿಂದಿ. ಮೊದಲ ವಾರ ಅವರು ಹೇಳಿದ್ದು ನನಗೆ, ನಾನು ಹೇಳಿದ್ದು ಅವರಿಗೆ ತಿಳಿಯದೆ, ಎರಡೂ ಕಡೆಯವರು ನಕ್ಕು ನಕ್ಕೇ ಕಾಲ ಕಳೆದೆವು.

ರೇಣುಕಾ ಕೊನೆಯ ಬೆಂಚಿನವಳು. ಉಳಿದವರಿಗಿಂತ ಒಂದು ಗೇಣು ಎತ್ತರ, ಎರಡು ವರ್ಷ ದೊಡ್ಡವಳು. ಅವಳ ಅಪ್ಪ ಮಲ್ಲಪ್ಪ ವಿಜಾಪುರ ಜಿಲ್ಲೆಯ ಭೀಮಾ ದಂಡೆಯ ಗೌಂಡಿ. ಅಣ್ಣ ತಮ್ಮಂದಿರೂ ಊರವರೂ ಸೇರಿದ ಒಂದು ತಂಡವಾಗಿ ಅವರು ಕಟ್ಟಡದಿಂದ ಕಟ್ಟಡಕ್ಕೆ ಹೋಗುತ್ತಿದ್ದರು. ಕಟ್ಟಡ ಮುಗಿದರೆ ತಗಡಿನ ಶೆಡ್ಡು ಬಿಚ್ಚಿ ಟೆಂಪೋಕ್ಕೆ ಹೇರುವುದು, ರೇಣುಕಾಳ ಶಾಲೆಯೂ ಅಲ್ಲಿಗೆ ಮುಗಿಯುವುದು. ಜೂನ್‌ನಲ್ಲಿ ಸೇರಿದ ಶಾಲೆಯಲ್ಲಿ ಅವಳು ಒಮ್ಮೆಯೂ ವಾರ್ಷಿಕ ಪರೀಕ್ಷೆ ಬರೆದವಳಲ್ಲ. ಹಾಗೆ ಎರಡು ವರ್ಷ ಹಿಂದೆ ಬಿದ್ದಿದ್ದಳು. ಇದನ್ನು ಅವಳೇ ನನಗೆ ಹೇಳಿದ್ದು, ಅಳುತ್ತಾ ಅಲ್ಲ, ಹವಾಮಾನದ ವರದಿ ಒಪ್ಪಿಸುವವಳಂತೆ. "ಈ ವರ್ಷ ಮಾತ್ರ ಪರೀಕ್ಷಾ ಬರದ ಹೋಗಾಕಿ ನಾ" ಎಂದೂ ಸೇರಿಸಿದಳು.

ಜುಲೈಯಲ್ಲಿ ಗಡಿ ದಾಟುವ ನದಿಗಳ ಪಾಠ ಬಂತು. ಬ್ರಹ್ಮಪುತ್ರಾ ಟಿಬೆಟಿನಲ್ಲಿ ಸಾಂಗ್ಪೋ, ಅರುಣಾಚಲದಲ್ಲಿ ಸಿಯಾಂಗ್, ಬಾಂಗ್ಲಾದೇಶದಲ್ಲಿ ಜಮುನಾ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹೊರಗೆ ಮಳೆ ಎಷ್ಟು ಜೋರಾಗಿತ್ತೆಂದರೆ ಕೂಗಿ ಪಾಠ ಹೇಳಬೇಕಿತ್ತು. ಹಿಂದಿನ ಬೆಂಚಿನಿಂದ ಅದಕ್ಕಿಂತ ದೊಡ್ಡ ಕೂಗು ಬಂತು. "ಟೀಚರ್, ಹೊಳಿ ಒಂದ ದೇಶ ಬಿಟ್ಟು ಇನ್ನೊಂದ ದೇಶಕ್ಕ ಹೋದಾಗ ಎಲ್‌ಸಿ ಕೇಳೂದಿಲ್ಲೇನ್ರಿ?"

ಎಲ್‌ಸಿ ಎಂದರೆ ಶಾಲೆ ಬಿಟ್ಟದ್ದಕ್ಕೆ ಕೊಡುವ ಕಾಗದ. ಅದು ಸಮಯಕ್ಕೆ ಸಿಗದೆ ಅವಳು ಎರಡು ಶಾಲೆಗಳ ಬಾಗಿಲಿನಿಂದ ವಾಪಸು ಬಂದಿದ್ದಳು. ತರಗತಿ ಗೊಳ್ಳೆಂದಿತು, ನಾನೂ ನಕ್ಕೆ. ಆದರೆ ಅವಳಿಗೆ ಉತ್ತರ ಬೇಕಿತ್ತು. ಮರುದಿನದಿಂದ ಅವಳು ಆ ನದಿಯ ಬೆನ್ನು ಬಿದ್ದಳು. ಶಾಲೆಯ ಏಕೈಕ ಅಟ್ಲಾಸು ಅವಳ ಸ್ವಂತ ಆಸ್ತಿಯಾಯಿತು. ಪೂರ್ವಕ್ಕೆ ಅಷ್ಟು ದೂರ ಹೋಗಿ, ಗಕ್ಕನೆ ತಿರುಗಿ, ಬೆಟ್ಟ ಸೀಳಿ ಇಳಿದು, ಮತ್ತೆ ಪಶ್ಚಿಮಕ್ಕೆ ಹರಿದು, ಧುಬ್ರಿಯ ಹತ್ತಿರ ದಕ್ಷಿಣಕ್ಕೆ ಹೊರಳುವ ಆ ದಾರಿಯನ್ನು ಕಣ್ಣು ಮುಚ್ಚಿ ಗಾಳಿಯಲ್ಲಿ ಬರೆಯುತ್ತಿದ್ದಳು.

ದಸರಾ ರಜೆ ಮುಗಿದ ಮೇಲೆ ಮಲ್ಲಪ್ಪ ಶಾಲೆಗೆ ಬಂದ. ಗಿಡ್ಡ, ಗಟ್ಟಿ ಆಳು, ಕಾಲಿನ ಬೆರಳುಗಳ ಸಂದಿಯಲ್ಲಿ ಒಣಗಿದ ಸಿಮೆಂಟು. ಒಳಗೆ ಬರಲು ಒಪ್ಪದೆ ಹೊಸ್ತಿಲಾಚೆಯೇ ನಿಂತು ಹೇಳಿದ. "ಸಂಕ್ರಾಂತಿಗೆ ನಮ್ಮ ಬಿಲ್ಡಿಂಗ್ ಮುಗೀತದ್ರಿ ಅಕ್ಕಾರ. ಅಣ್ಣ ಪುಣೆ ಕಡೆ ಕೆಲಸಾ ಹಿಡದಾನ. ಹುಡಗೀ ಕಾಗದಾ ತಯಾರ ಇಡ್ರಿ."

"ಪರೀಕ್ಷೆಗೆ ಇನ್ನು ಎರಡೇ ತಿಂಗಳು ಇರ್ತದಲ್ಲ ಆಗ" ಎಂದೆ.

"ಸಾಳಿ ಎಲ್ಲಾ ಕಡಿ ಇರ್ತಾವ್ರಿ. ಮಂದೀ ಬಿಟ್ಟು ನಾ ಒಬ್ಬನ ಈ ಊರಾಗ ಏನ ಮಾಡ್ಲಿ?"

ಅವನದೂ ಸುಳ್ಳಲ್ಲ. ತಂಡ ಬಿಟ್ಟ ಗೌಂಡಿಗೆ ಈ ಊರಿನಲ್ಲಿ ಬೆಳಿಗ್ಗೆ ರಸ್ತೆ ಸೇರುವ ನಾಕಾದಲ್ಲಿ ನಿಂತು, ಯಾರಾದರೂ ಕರೆದಾರೆಂದು ಕಾಯುವುದೊಂದೇ ದಾರಿ. ರೇಣುಕಾ ಅಟ್ಲಾಸಿನಿಂದ ತಲೆ ಎತ್ತಲಿಲ್ಲ. ನಾನು ಬಾಯಿಗೆ ಬಂದದ್ದು ಹೇಳಿದೆ. "ಹೋಗೋದು ಹೋಗ್ತೀರಿ. ಅದಕ್ಕೆ ಮುಂಚೆ ನಮಗೊಂದು ನದಿ ಕಟ್ಟಿಕೊಡ್ತೀರಾ?" ಡಿಸೆಂಬರಿನಲ್ಲಿ ಶಾಲೆಯ ಪ್ರದರ್ಶನ ಇತ್ತು. ಹಿಂದಿನ ಅಂಗಳದಲ್ಲಿ ಬ್ರಹ್ಮಪುತ್ರೆಯನ್ನು ನಿಜವಾದ ನೀರಿನೊಂದಿಗೆ ಹರಿಸಬೇಕೆಂಬುದು ರೇಣುಕಾಳ ಹುಚ್ಚು.

ನೀರು ಎಂದದ್ದೇ ಮಲ್ಲಪ್ಪ ಹೊಸ್ತಿಲು ದಾಟಿದ. ಅವನು ಬಾತ್‌ರೂಮಿನ ನೆಲಗಳ ಪರಿಣತ. ನೆಲಕ್ಕೆ ಕೊಡುವ ಇಳಿಜಾರಿಗೆ ಇಲ್ಲಿನ ಗೌಂಡಿಗಳು ಢಾಲ್ ಎನ್ನುತ್ತಾರೆ. "ನಾ ಢಾಲ್ ಕೊಟ್ಟ ಮ್ಯಾಲ ನೀರಿಗಿ ಬ್ಯಾರೆ ವಿಚಾರನ ಬರೂದಿಲ್ರಿ" ಎಂದ.

ಹಾರ್ಡ್‌ವೇರ್ ಅಂಗಡಿಯ ಪಾಲಕರೊಬ್ಬರು ಸಿಮೆಂಟು, ಮರಳು ಕಳಿಸಿದರು. ಶನಿವಾರ ನಾನೂ ರೇಣುಕಾಳೂ ಅಂಗಳದಲ್ಲಿ ಸುಣ್ಣದ ಕಡ್ಡಿಯಿಂದ ಇಡೀ ನಕಾಶೆ ಬರೆದೆವು. ಆ ತುದಿಯಲ್ಲಿ ಟಿಬೆಟು, ನಡುವೆ ಹಿಮಾಲಯ, ಈ ತುದಿಯಲ್ಲಿ ಬಂಗಾಳ ಕೊಲ್ಲಿಯಾಗಬೇಕಾದ ನೀಲಿ ಟಬ್ಬು. ಭಾನುವಾರ ಮಲ್ಲಪ್ಪನಿಗೆ ರಜೆ, ಅಂದು ಕೆಲಸ. ರೇಣುಕಾ ಜ್ವರ ಬಂದು ಮಲಗಿದಳು. ನನಗೆ ಡೊಂಬಿವಲಿಯಲ್ಲಿ ಚಿಕ್ಕಮ್ಮನ ಮಗಳ ಮದುವೆ. ಗೆರೆ ಇದೆಯಲ್ಲ, ಗೆರೆಯ ಮೇಲೆ ಕಟ್ಟಿದರಾಯಿತು ಎಂದು ನಿಶ್ಚಿಂತೆಯಿಂದ ಊಟಕ್ಕೆ ಕೂತೆ.

ಸೋಮವಾರ ಬೆಳಿಗ್ಗೆ ಶಾಲೆಗೆ ಹೋದರೆ ಅಂಗಳದಲ್ಲಿ ಏಳನೇ ತರಗತಿ ಇಡೀ ಸುತ್ತುಗಟ್ಟಿತ್ತು. ನಡುವೆ ಮಲ್ಲಪ್ಪ ಬಕೆಟ್ ಹಿಡಿದು ನನಗಾಗಿಯೇ ಕಾಯುತ್ತಿದ್ದ. ಸಿಮೆಂಟಿನ ಹಾಲು ಬಳಿದು ಕನ್ನಡಿಯಂತೆ ನುಣುಪು ಮಾಡಿದ ನದಿ. ಸ್ವಲ್ಪ ಹೊತ್ತು ನೋಡಿದ ಮೇಲೆ ನನಗೆ ಏನೋ ಕೊರತೆ ಅನ್ನಿಸಿತು.

"ಟೀಚರ್, ಆಸಾಮ್ ಕಿಧರ್ ಗಯಾ?" ಎಂದ ಒಬ್ಬ.

ಅಸ್ಸಾಂ ಇರಲಿಲ್ಲ. ಪೂರ್ವದ ಆ ದೂರದ ತಿರುವೂ ಇರಲಿಲ್ಲ. ಟಿಬೆಟಿನಿಂದ ಹೊರಟ ನದಿ ನಾಲ್ಕು ಹೆಜ್ಜೆ ಬಂದು ನೇರ ಹಿಮಾಲಯಕ್ಕೆ ನುಗ್ಗಿ ಮಾಯವಾಗುತ್ತಿತ್ತು, ಬೆಟ್ಟದ ಈಚೆ ಬಾಂಗ್ಲಾದೇಶದಲ್ಲಿ ಹೊರಬಿದ್ದು ಟಬ್ಬಿಗೆ ಬೀಳುತ್ತಿತ್ತು. ನಡುವೆ ಎಂತ ಉಂಟು ಎಂದು ಬಾಗಿ ನೋಡಿದೆ. ಪೈಪು! ಮಲ್ಲಪ್ಪ ಹಿಮಾಲಯದ ಅಡಿಯಲ್ಲಿ ಪಿವಿಸಿ ಪೈಪು ಹೂತಿದ್ದ.

"ಇದೆಂಥದು ಮಾರಾಯ್ರೇ ಮಾಡಿದ್ದು ನೀವು? ನಾವು ಗೆರೆ ಹಾಕಿದ್ದೆವಲ್ಲ!"

"ಹಾಕಿದ್ರಿ ಖರೆ. ಹುಡುಗ್ರು ಗೀಚ್ಯಾವು ಅಂತ ತಿಳದೆ" ಎಂದ ಮಲ್ಲಪ್ಪ, ಎಳ್ಳಷ್ಟೂ ಅಳುಕದೆ. "ಅಷ್ಟ ಸುತ್ತು ಹೊಡದ್ರ ಢಾಲ್ ಎಲ್ಲಿಂದ ತರೂದ್ರಿ? ಇಲ್ಲಿಂದ ಅಲ್ಲಿಗಿ ನೇರ ಒಯ್ದೀನಿ. ನೋಡ್ರಿ, ಒಂದ ಹನಿ ನಿಂತ್ರ ಕೇಳ್ರಿ." ಬಕೆಟ್ ಸುರಿದ. ನೀರು ಸರ್ರನೆ ಚೀನಾದಿಂದ ಬಾಂಗ್ಲಾದೇಶಕ್ಕೆ ಹೋಯಿತು. ನಿಜಕ್ಕೂ ಒಂದು ಹನಿ ನಿಲ್ಲಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ನಗು ತಡೆಯಲಾಗಲಿಲ್ಲ.

ನಗದವಳು ರೇಣುಕಾ ಒಬ್ಬಳೇ. ಜ್ವರದ ಮುಖ ಇನ್ನೂ ಕೆಂಪಗಿತ್ತು. "ಅಪ್ಪಾ, ಇದನ್ನ ಒಡಿ" ಎಂದಳು.

ಮಲ್ಲಪ್ಪನ ಮುಖ ಸಣ್ಣದಾಯಿತು. "ಇಷ್ಟ ವರ್ಷದಾಗ ನನ್ನ ಕೆಲಸಾ ಒಡಿ ಅಂತ ಯಾ ಇಂಜಿನಿಯರನೂ ಅಂದಿಲ್ಲ" ಎಂದವನೇ ಬಕೆಟ್ ಎತ್ತಿಕೊಂಡು ಹೋಗಿಬಿಟ್ಟ. ನಾನು ಹಿಂದೆಯೇ ಗೇಟಿನವರೆಗೆ ಹೋದೆ, ಅವನು ತಿರುಗಿ ನೋಡಲಿಲ್ಲ.

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಅಂಗಳದಿಂದ ಠಣ್ ಠಣ್ ಸದ್ದು. ರೇಣುಕಾ ಅಪ್ಪನ ಉಳಿ, ಸುತ್ತಿಗೆ ತಂದು ಬಾಂಗ್ಲಾದೇಶವನ್ನು ಒಡೆಯುತ್ತಿದ್ದಳು. ಹೆಡ್‌ಸರ್ ಕಿಟಕಿಯಿಂದ ಗದರಿದರು, ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ಯಾರೋ ಹುಡುಗರು ಓಡಿಹೋಗಿ ಕಟ್ಟಡದಲ್ಲಿ ಸುದ್ದಿ ಮುಟ್ಟಿಸಿದರು. ಮಲ್ಲಪ್ಪ ದಾಪುಗಾಲು ಹಾಕಿಕೊಂಡು ಬಂದ. ಹೊಡೆಯುತ್ತಾನೋ ಏನೋ ಎಂದು ನಾನು ನಡುವೆ ನಿಂತೆ. ಅವನು ನನ್ನನ್ನು ಬಳಸಿ ಹೋಗಿ ಮಗಳ ಕೈಯ ಉಳಿ ಕಿತ್ತುಕೊಂಡ. "ಹಿಂಗ ನೆಟ್ಟಗ ಹೊಡದ್ರ ಎಲ್ಲಾ ಸೀಳತೈತಿ. ಅಡ್ಡ ಹಿಡೀಬೇಕು" ಎಂದ. ಕೈಗೆ ಕೆಲಸ ಸಿಕ್ಕ ಮೇಲೆ ಅವನಿಗೆ ಸಿಟ್ಟು ಉಳಿಯಲಿಲ್ಲ. ಒಂದು ಗಳಿಗೆ ಬಿಟ್ಟು, "ತಾ, ಆ ಪುಸ್ತಕದಾಗ ಏನೈತಿ ತೋರಸು" ಎಂದ.

ಅವನಿಗೆ ಓದು ಬರುತ್ತಿರಲಿಲ್ಲ. ಆದರೆ ಕಟ್ಟಡದ ಪ್ಲ್ಯಾನು ನೋಡಿ ಪಳಗಿದ ಕಣ್ಣು, ನಕಾಶೆಯನ್ನು ನನಗಿಂತ ಬೇಗ ಹಿಡಿದ. ರೇಣುಕಾ ಬೆರಳಿಟ್ಟು ತೋರಿಸಿದಳು. ಟಿಬೆಟಿನಲ್ಲಿ ಇಷ್ಟು ಎತ್ತರ, ಇಲ್ಲಿ ತಿರುಗಿ ಧಡಧಡ ಇಳಿಯುವುದು, ಇಲ್ಲಿಂದ ಮುಂದೆ ಅಸ್ಸಾಮಿನಲ್ಲಿ ಇಷ್ಟುದ್ದ ಹೆಚ್ಚುಕಡಿಮೆ ಸಪಾಟು.

ಮಲ್ಲಪ್ಪ ತಲೆ ಅಲ್ಲಾಡಿಸಿದ. "ಇದು ಆಗೂದಿಲ್ಲವಾ. ಮ್ಯಾಲಿಂದ ಅಷ್ಟ ಜೋರ ಬಂದ ನೀರಿಗಿ ಇಲ್ಲಿ ಇಷ್ಟ ಕಡಿಮಿ ಢಾಲ್ ಕೊಟ್ರ ಮುಂದ ಓಡೂದಿಲ್ಲ. ನಿಂತು, ಅಗಲ ಆಗಿ, ಎರಡೂ ಬಾಜೂ ಏರಿ ಮನ್ಯಾಗ ಹೊಕ್ಕತೈತಿ."

ಅಸ್ಸಾಮಿನ ಪ್ರವಾಹಕ್ಕೆ ಕಾರಣ ಬರೆಯಿರಿ ಎಂದು ನಾನೇ ಪ್ರಶ್ನೆ ಕೊಟ್ಟು, ಉತ್ತರವನ್ನೂ ಬಾಯಿಪಾಠ ಮಾಡಿಸಿದ್ದೆ. ಆದರೆ ಅದು ನನಗೇ ಅರ್ಥವಾಗಿರಲಿಲ್ಲ. ಅರ್ಥವಾದದ್ದು ಆ ಮಧ್ಯಾಹ್ನ, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತ ಗೌಂಡಿಯ ಬಾಯಿಂದ. "ಅದೇ ಆಗೋದು ಅಲ್ಲಿ! ಪ್ರತಿ ಮಳೆಗಾಲ ಅದೇ ಆಗೋದು!" ಎಂದು ಕೂಗಿಬಿಟ್ಟೆ.

"ಅಲ್ಲಿ ಮಂದಿ ಅದಾರೇನ್ರಿ?"

"ಬೇಕಾದಷ್ಟು ಜನ ಇದ್ದಾರೆ. ನದಿ ಪಕ್ಕದ ಕೆಲವರು ಬಿದಿರಿನ ಕಂಬ ನೆಟ್ಟು ಅದರ ಮೇಲೆ ಮನೆ ಕಟ್ಟಿಕೊಳ್ತಾರೆ."

ಮಲ್ಲಪ್ಪನ ಮುಖ ಅರಳಿತು. "ಕೆಳಗ ಪಾರ್ಕಿಂಗ್ ಬಿಟ್ಟು ಮ್ಯಾಲ ಮನಿ! ಶಾಣ್ಯಾ ಮಂದಿ ಬಿಡ್ರಿ." ಆಮೇಲೆ ಉಳಿಯನ್ನು ಅಡ್ಡ ಹಿಡಿದು ಹಿಮಾಲಯದ ಬುಡಕ್ಕೆ ಮೊದಲ ಏಟು ಕೊಟ್ಟ. ಪೈಪು ಇಡಿಯಾಗಿ ಹೊರಬಂತು.

ಮುಂದಿನ ಮೂರು ವಾರ ಅವನು ಸಂಜೆ ಕಟ್ಟಡದ ಕೆಲಸ ಬಿಟ್ಟು ನೇರ ಶಾಲೆಗೆ ಬರುತ್ತಿದ್ದ. ಮಳೆ ಹೋಗಿ ಗಾಳಿ ತಣ್ಣಗಾಗಿತ್ತು, ಖಾಡಿಗೆ ಗುಲಾಬಿ ಹಕ್ಕಿಗಳು ಬಂದಿವೆ ಎಂದು ರೈಲಿನಲ್ಲಿ ಜನ ಮಾತಾಡುತ್ತಿದ್ದರು. ನೀರು ತುಂಬಿದ ಪಾರದರ್ಶಕ ನಳಿಗೆಯ ಒಂದು ತುದಿಯನ್ನು ಅವನು ಹಿಡಿದರೆ ಇನ್ನೊಂದನ್ನು ರೇಣುಕಾ ಹಿಡಿಯುವಳು. ಹೀಗೆ ಟಿಬೆಟು ಎಷ್ಟು ಮೇಲೆ, ಧುಬ್ರಿ ಎಷ್ಟು ಕೆಳಗೆ ಎಂದು ಅಳೆದು ಅಳೆದು ಕಟ್ಟಿದರು. ಅವಳು ತಪ್ಪು ಹೇಳಿದರೆ ಅವನು ಗೊಣಗುವನು, ಅವನು ಅಡ್ಡದಾರಿ ಹಿಡಿದರೆ ಅವಳು ಗದರುವಳು. "ಈಕಿ ನಮ್ಮ ಇಂಜಿನಿಯರಗಿಂತ ಕಡಕ ಅದಾಳ್ರಿ" ಎಂದು ನನ್ನಲ್ಲಿ ದೂರಿದರೂ ಆ ದೂರಿನಲ್ಲಿ ಹೆಮ್ಮೆಯೇ ಇತ್ತು. ದೇಶದ ಗಡಿಗೆ ಏನು ಮಾಡಬೇಕೆಂದು ಚರ್ಚೆ ಬಂದಾಗ ಮಲ್ಲಪ್ಪ ಸಣ್ಣ ಗೋಡೆ ಕಟ್ಟಲೇ ಎಂದು ಕೇಳಿದ. ಗೋಡೆ ಕಟ್ಟಿದರೆ ನೀರು ಹೋಗುವುದೆಲ್ಲಿ? ಕೊನೆಗೆ ಇಟ್ಟಿಗೆ ಸಾಲು ನೇರ ಇಡಲು ಗೌಂಡಿಗಳು ಕಟ್ಟುವ ಹಳದಿ ದಾರವನ್ನೇ ನದಿಗೆ ಅಡ್ಡಲಾಗಿ ಎರಡು ಕಡೆ ಬಿಗಿದ. ಮೇಲೆ ದಾರ, ಕೆಳಗೆ ನೀರು.

ಪ್ರದರ್ಶನದ ದಿನ ಪಾಲಕರು ಅಂಗಳ ತುಂಬಿದರು. ಮಲ್ಲಪ್ಪ ಒಗೆದ ಬಿಳಿ ಅಂಗಿ ತೊಟ್ಟು ಗೇಟಿನ ಹತ್ತಿರವೇ ನಿಂತಿದ್ದ. ರೇಣುಕಾ ಟಿಬೆಟಿನ ಡ್ರಮ್ಮಿನ ನಲ್ಲಿ ತಿರುಗಿಸಿದಳು. ನೀರು ಪೂರ್ವಕ್ಕೆ ಸಾಗಿತು, ತಿರುವಿನಲ್ಲಿ ಧುಮುಕಿತು, ಮೊದಲ ಹಳದಿ ದಾರದ ಕೆಳಗೆ ನುಸುಳಿ ಭಾರತಕ್ಕೆ ಬಂತು. ಅಸ್ಸಾಮಿನಲ್ಲಿ ನಿಂತೇಹೋಯಿತು ಅನ್ನಿಸುವಷ್ಟು ನಿಧಾನವಾಯಿತು. ಅಗಲವಾಯಿತು, ದಂಡೆ ಮೀರಿತು, ಮಕ್ಕಳು ಹಸಿರು ಬಳಿದಿದ್ದ ಗದ್ದೆಗಳ ಮೇಲೆ ಹರಡಿತು. ಕಡ್ಡಿಗಳ ಮೇಲೆ ಕೂರಿಸಿದ್ದ ಪುಟ್ಟ ಮನೆಗಳು ನೀರಿನ ಮೇಲೆ ಒಣಗಿಯೇ ನಿಂತವು. ಆಮೇಲೆ ನೀರು ಮೆಲ್ಲಗೆ ದಕ್ಷಿಣಕ್ಕೆ ಹೊರಳಿ, ಎರಡನೇ ದಾರ ದಾಟಿ, ಟಬ್ಬಿಗೆ ತೊಟ್ಟಿಕ್ಕಿತು. ಆಗ ಎದ್ದ ಗದ್ದಲಕ್ಕೆ ಪಕ್ಕದ ಸೊಸೈಟಿಯವರು ಬಾಲ್ಕನಿಗೆ ಬಂದರು.

ರೇಣುಕಾ ಉಸಿರು ಬಿಡದೆ ಹೇಳುತ್ತಿದ್ದಳು. "ಇಲ್ಲಿ ಇದಕ್ಕ ಜಮುನಾ ಅಂತಾರ್ರಿ. ಮುಂದ ಪದ್ಮಾ ಕೂಡ್ತದ..."

ಅಷ್ಟರಲ್ಲಿ ತುರ್ಭೆಯಲ್ಲಿ ಕ್ಯಾಂಟೀನು ನಡೆಸುವ ಸದಾನಂದಣ್ಣ ಎಂಬ ಪಾಲಕರು ಮುಂದೆ ಬಂದು ನದಿಯ ತಳವನ್ನು ಬೆರಳಿನಿಂದ ಸವರಿದರು. "ಅಲ್ಲ ಟೀಚರೇ, ಈ ಕೆಲಸ ಮಾಡಿದ್ದು ಯಾರು? ನಮ್ಮ ಬಾತ್‌ರೂಮಲ್ಲಿ ಸ್ನಾನ ಮಾಡಿ ಹೊರಗೆ ಬಂದ್ರೆ ನೀರು ನಮ್ಮ ಹಿಂದೆಯೇ ಹಾಲ್‌ಗೆ ಬರ್ತದೆ ಮಾರಾಯ್ತಿ!"

ನಾನು ಗೇಟಿನ ಕಡೆ ಕೈ ತೋರಿಸಿದೆ. ಎಲ್ಲರೂ ತಿರುಗಿದರು. ಮಲ್ಲಪ್ಪ ಕೈ ಜೋಡಿಸಿ, "ಹೊಳಿ ದೇವರದ್ರಿ, ಢಾಲ್ ನಂದು" ಎಂದ.

ನವಿಮುಂಬೈಯಲ್ಲಿ ಸೋರದ ಬಾತ್‌ರೂಮು ಯಾರ ಮನೆಯಲ್ಲಿದೆ? ಒಬ್ಬರ ಹಿಂದೆ ಒಬ್ಬರು ಬಂದರು. ಒಬ್ಬರಿಗೆ ಕೆಳಗಿನ ಮನೆಯವರ ಜಗಳ, ಇನ್ನೊಬ್ಬರಿಗೆ ಅಡುಗೆಮನೆಯ ಮೋರಿ, ಕೊನೆಗೆ ಹೆಡ್‌ಸರ್ ಕೂಡ ತಮ್ಮ ಮನೆಯ ಬಾಲ್ಕನಿಯ ವಿಷಯ ಎತ್ತಿದರು. ಮಲ್ಲಪ್ಪನಿಗೆ ಬರೆಯಲು ಬಾರದು. ಆದ್ದರಿಂದ ರೇಣುಕಾ ಪದ್ಮಾ ನದಿಯನ್ನು ಅರ್ಧಕ್ಕೆ ಬಿಟ್ಟು, ತನ್ನ ಚಾರ್ಟಿನ ಹಿಂಬದಿಯಲ್ಲಿ ಸೆಕ್ಟರು, ಬಿಲ್ಡಿಂಗು, ಮಾಳಿಗೆ ಎಂದು ವಿಳಾಸ ಬರೆದುಕೊಳ್ಳಬೇಕಾಯಿತು. ಅಷ್ಟು ಖುಷಿಯಿಂದ ಬರೆಯುವ ವಿದ್ಯಾರ್ಥಿಯನ್ನು ನಾನು ಆಮೇಲೆಯೂ ಕಂಡಿಲ್ಲ.

ಎಲ್ಲ ಮುಗಿದ ಮೇಲೆ ಮಲ್ಲಪ್ಪನನ್ನು ಕೇಳಿದೆ. "ಈಗಾದರೂ ಇಲ್ಲೇ ಇರಬಹುದಲ್ಲ?" ಅವನು ಚಾರ್ಟನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. "ಹುಟ್ಟಿದಾಗಿಂದ ಅಣ್ಣನ ಬಿಟ್ಟು ಇದ್ದಾಂವ ಅಲ್ರಿ ನಾ. ನೋಡೂಣ್ರಿ" ಎಂದ. ನೋಡೋಣ ಎಂದವರು ಮತ್ತೆ ನೋಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅದರ ಮೇಲೆ ನಾನು ಕೇಳಲಿಲ್ಲ, ಕೇಳಲು ಹೆದರಿಕೆ.

ಸಂಕ್ರಾಂತಿಯ ರಜೆ ಮುಗಿದು ಶಾಲೆ ತೆರೆದ ದಿನ ಸ್ಟೇಷನ್ನಿನಿಂದ ನಡೆದು ಬರುತ್ತಿದ್ದೆ. ಮಲ್ಲಪ್ಪನ ತಂಡದ ಕಟ್ಟಡದ ಎದುರು ಟೆಂಪೋ ನಿಂತಿತ್ತು. ತಗಡು, ಪಾತ್ರೆ, ಹಾಸಿಗೆಗಳ ಗಂಟು, ಮೇಲೆ ಹತ್ತಿ ಕೂತ ಹೆಂಗಸರು. ಆ ಗುಂಪಿನಲ್ಲಿ ಎತ್ತರದ ಹುಡುಗಿಯೊಬ್ಬಳು ಯಾರಿಗೋ ಕೊಡ ಎತ್ತಿಕೊಡುತ್ತಿದ್ದಳು. ರೇಣುಕಾಳೇ. ಹತ್ತಿರ ಹೋಗಿ ಮಾತಾಡಿಸುವ ಧೈರ್ಯ ನನಗೆ ಬರಲಿಲ್ಲ, ರಸ್ತೆಯ ಆಚೆ ಬದಿಗೆ ದಾಟಿ ನಡೆದುಬಿಟ್ಟೆ.

ತರಗತಿಯಲ್ಲಿ ಹಾಜರಿ ಕರೆದೆ. ಅವಳ ಹೆಸರು ಬಂದಾಗ ಕರೆಯದೆ ಬಿಡಬೇಕೆನ್ನಿಸಿತು, ಆದರೂ ಕರೆದೆ. ಯಾರೂ ಓಗೊಡಲಿಲ್ಲ. ಕೆಂಪು ಪೆನ್ನಿನಿಂದ ಗೈರು ಎಂದು ಬರೆದು ಪುಸ್ತಕ ಮುಚ್ಚಿದೆ. ಬೋರ್ಡಿನ ಕಡೆ ತಿರುಗಿ ಪಾಠದ ಹೆಸರು ಬರೆಯಲು ಹೋದರೆ ಅಕ್ಷರ ಕಾಣಿಸಲಿಲ್ಲ.

"ಒಳಗ ಬರ್ಲೇನ್ರಿ ಟೀಚರ್?"

ಬಾಗಿಲಲ್ಲಿ ರೇಣುಕಾ ಏದುಸಿರು ಬಿಡುತ್ತಾ ನಿಂತಿದ್ದಳು. "ದೊಡ್ಡಪ್ಪನ ಮಂದೀನ ಟೆಂಪೋ ಹತ್ತಿಸಿ ಬಂದೆ. ತಡಾ ಆತ್ರಿ."

"ನಿಮ್ಮಪ್ಪ?" ಎಂದೆ.

"ಸೆಕ್ಟರ್ ಎಂಟರಾಗ ಬಾತ್‌ರೂಮ್ ಒಡ್ಯಾಕತ್ತಾನ್ರಿ. ಅವ್ವ ಇಲ್ಲೇ ಬಾಡಿಗಿ ಹಿಡದ ಹೊಸಾ ಖೋಲಿ ತೊಳ್ಯಾಕತ್ತಾಳ. ಬಾಂಡೆ-ಸಾಮಾನ ನಿನ್ನೇ ಇಟ್ಟು ಬಂದೀವಿ." ಹೋಗಿ ತನ್ನ ಬೆಂಚಿನಲ್ಲಿ ಕೂತು, "ಪರೀಕ್ಷಾ ಯಾ ತಾರೀಖಿಗಿ ಅಂದ್ರಿ?" ಎಂದು ಕೇಳಿದಳು.

ಹಾಜರಿ ಪುಸ್ತಕದಲ್ಲಿ ಒಮ್ಮೆ ಬರೆದದ್ದನ್ನು ತಿದ್ದಬಾರದು ಎಂದು ಹೆಡ್‌ಸರ್ ಕಟ್ಟುನಿಟ್ಟಾಗಿ ಹೇಳಿದ್ದರು. ನಾನು ಪುಸ್ತಕ ತೆರೆದು, ಆ ಕೆಂಪು ಅಕ್ಷರದ ಮೇಲೆ ನೀಲಿ ಶಾಯಿಯಲ್ಲಿ, ಹಾಳೆ 'ಪರ್' ಎಂದು ಹರಿಯುವಷ್ಟು ಒತ್ತಿ, ಹಾಜರ್ ಎಂದು ಬರೆದೆ.